ಮರದ ಬೇಲಿಯ ಮರುಲೇಪನ: ತೊಳೆಯುವ ಹಂತದಲ್ಲಿ ಉಳಿಯುವ ಹಣ, ಹೋಗುವ ಹಣ

ಮಂಡ್ಯ ಜಿಲ್ಲೆಯಲ್ಲಿ ಬೇಲಿ ಎಂದರೆ ಬಹುಕಾಲದಿಂದ ಕಲ್ಲುಕಂಬ ಮತ್ತು ಮುಳ್ಳುತಂತಿ. ಹಳ್ಳಿಗಳ ಕಡೆ ಕತ್ತಾಳೆ, ಕಳ್ಳಿ ಅಥವಾ ಲಂಟಾನದ ಸಾಲು. ಮರದ ಪಟ್ಟಿಗಳನ್ನು ಜೋಡಿಸಿ ಬಣ್ಣವನ್ನೋ ಪಾಲಿಶನ್ನೋ ಹಚ್ಚಿದ ಬೇಲಿ ಇಲ್ಲಿಗೆ ಹೊಸತು. ಹೋಟೆಲುಗಳು, ಡಾಬಾಗಳು, ನರ್ಸರಿಗಳು, ತೋಟದ ಮನೆಗಳು ಮತ್ತು ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಪ್ರವಾಸಿಗರನ್ನು ನಂಬಿಕೊಂಡಿರುವ ತಂಗುದಾಣಗಳು ಇದನ್ನು ಅಂದಕ್ಕಾಗಿ ತಂದುಕೊಂಡಿವೆ. ಇದಕ್ಕಿಂತ ಬಹಳ ಹಳೆಯದಾದ ಮರವೂ ವ್ಯಾಪಾರಸ್ಥರ ಬಳಿ ಇದೆ. ಪೇಟೆ ಬೀದಿಗಳ ಹಳೆಯ ಅಂಗಡಿಗಳಲ್ಲಿ ಒಂದೊಂದಾಗಿ ಗಾಡಿಗೆ ಇಳಿಸಿ ನಿಲ್ಲಿಸುವ, ಸಂಖ್ಯೆ ಬರೆದ ಹಲಗೆ ಬಾಗಿಲುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಬಿಸಿಲು ಮಳೆಗೆ ಒಡ್ಡಿಕೊಂಡ ಮರದ ಗುಣ ಎರಡರಲ್ಲೂ ಒಂದೇ ಆದ್ದರಿಂದ ಮುಂದಿನ ವಿವರಗಳು ಎರಡಕ್ಕೂ ಅನ್ವಯಿಸುತ್ತವೆ.

ಈ ವಿಷಯಕ್ಕೆ ಈಗ ಮಹತ್ವ ಬರಲು ಒಂದು ವ್ಯಾಪಾರೀ ಕಾರಣವೂ ಇದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಗೊಂಡ ನಂತರ ದೂರದ ವಾಹನಗಳು ಮದ್ದೂರು ಮತ್ತು ಮಂಡ್ಯ ಪಟ್ಟಣಗಳನ್ನು ಬೈಪಾಸ್ ಮೂಲಕ ಬಳಸಿ ಹೋಗುತ್ತವೆ. ಹಳೆಯ ರಸ್ತೆಯ ಬದಿಯ ಹೋಟೆಲಿಗೆ ಗಿರಾಕಿ ಈಗ ದಾರಿಯಲ್ಲಿ ಸಿಕ್ಕಿತೆಂದು ಬರುವುದಿಲ್ಲ, ಬೇಕೆಂದು ಬರಬೇಕು. ಹಾಗೆ ಬಂದವನಿಗೆ ಮೊದಲು ಕಾಣುವುದು ಮುಂಭಾಗ. ಬೂದುಬಣ್ಣಕ್ಕೆ ತಿರುಗಿ ಪಾಚಿ ಹಿಡಿದ ಬೇಲಿಯನ್ನು ಹೊಸದು ಮಾಡಿಸಲು ಮಾಲೀಕರು ಮುಂದಾಗುವುದು ಸಹಜವೇ.

ಸಾಮಾನ್ಯವಾಗಿ ನಡೆಯುವುದೇನು? ಹಬ್ಬಕ್ಕೆ ಹತ್ತು ದಿನ ಇರುವಾಗ ಬಣ್ಣದ ಮೇಸ್ತ್ರಿಗೆ ಹೇಳಿ ಕಳುಹಿಸಲಾಗುತ್ತದೆ. ವಾಹನಗಳ ವಾಟರ್ ಸರ್ವಿಸ್ ಅಂಗಡಿಯಿಂದ ಪ್ರೆಷರ್ ಪಂಪು ಬರುತ್ತದೆ. ಬೆಳಿಗ್ಗೆ ತೊಳೆದ ಬೇಲಿಗೆ ಮಾರನೆಯ ದಿನವೇ ಪಾಲಿಶ್ ಏರುತ್ತದೆ. ಬೇಲಿ ಒಂದೆರಡು ತಿಂಗಳು ಹೊಳೆದು, ಮುಂದಿನ ಮಳೆಗಾಲ ಮುಗಿಯುವುದರೊಳಗೆ ಪೊರೆಪೊರೆಯಾಗಿ ಏಳುತ್ತದೆ. ಮಾಲೀಕರು ಪಾಲಿಶನ್ನು ದೂರುತ್ತಾರೆ, ಮೇಸ್ತ್ರಿ ಮರವನ್ನು ದೂರುತ್ತಾನೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಇರುವುದು ಇವೆರಡರಲ್ಲೂ ಅಲ್ಲ. ತೊಳೆದ ರೀತಿಯಲ್ಲಿ ಮತ್ತು ತೊಳೆದ ಮೇಲೆ ಕಾಯದಿರುವುದರಲ್ಲಿ.

ಬೂದುಬಣ್ಣ ಎಂದರೇನು

ಮರವು ನಾರುಗಳ ಕಟ್ಟು. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿಡುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಮೇಲ್ಮೈಯ ಲಿಗ್ನಿನ್ನನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಆಗ ಮೇಲೆ ಉಳಿಯುವುದು ಅಂಟು ಕಳೆದುಕೊಂಡ ಸಡಿಲ ನಾರಿನ ತೆಳುಪದರ. ಅದೇ ಬೂದುಬಣ್ಣ. ಅದರ ಮೇಲೆ ಧೂಳು, ಬೂಷ್ಟು, ಪಾಚಿ ಸೇರಿಕೊಳ್ಳುತ್ತವೆ. ಈ ಸತ್ತ ಪದರದ ಮೇಲೆ ಹಚ್ಚಿದ ಲೇಪನ ಆ ಪದರಕ್ಕೆ ಅಂಟುತ್ತದೆಯೇ ಹೊರತು ಗಟ್ಟಿ ಮರಕ್ಕಲ್ಲ. ಪದರ ಉದುರಿದಾಗ ಲೇಪನವೂ ಅದರೊಡನೆ ಉದುರುತ್ತದೆ. ಸುಣ್ಣ ಉದುರುತ್ತಿರುವ ಗೋಡೆಯನ್ನು ಕೆರೆಯದೆ ಡಿಸ್ಟೆಂಪರ್ ಹೊಡೆದರೆ ಆಗುವ ಗತಿಯೇ ಇದಕ್ಕೂ.

ಆದ್ದರಿಂದ ತೊಳೆಯುವುದರ ಉದ್ದೇಶ ಸೀಮಿತವಾದುದು: ಕೊಳೆಯನ್ನೂ ಈ ಸಡಿಲ ಪದರವನ್ನೂ ತೆಗೆಯಬೇಕು, ಅದರ ಕೆಳಗಿರುವ ಗಟ್ಟಿ ನಾರನ್ನು ಮುಟ್ಟಬಾರದು. ಯಂತ್ರದ ಶಕ್ತಿ ಹೆಚ್ಚಿದಷ್ಟೂ ಕೆಲಸ ಚೆನ್ನ ಎಂಬ ಭಾವನೆ ಕಾಂಕ್ರೀಟಿಗೆ ಸರಿಹೋದೀತು. ಮರದ ವಿಷಯದಲ್ಲಿ ಅದು ನಷ್ಟಕ್ಕೆ ದಾರಿ.

ಯಂತ್ರ ತರುವ ಮೊದಲು

ಮೊದಲನೆಯದಾಗಿ ಆ ಮರ ಯಾವುದೆಂದು ತಿಳಿಯಬೇಕು. ತೇಗ, ಹೊನ್ನೆ, ಮತ್ತಿ ಗಟ್ಟಿ ಜಾತಿಗಳು. ಸಿಲ್ವರ್ ಓಕ್ ಮತ್ತು ಹೊರದೇಶದ ಪ್ಯಾಕಿಂಗ್ ಪೆಟ್ಟಿಗೆಗಳಿಂದ ಬಿಚ್ಚಿ ತಂದ ಪೈನ್ ಮೆದು. ಈಗಿನ ಅಲಂಕಾರದ ಬೇಲಿಗಳಲ್ಲಿ ಪೈನ್ ಪಟ್ಟಿಗಳು ಸಾಕಷ್ಟು ಇರುವುದರಿಂದ ಈ ಭೇದ ಮುಖ್ಯ. ತೆಂಗಿನ ಮರದ ಪಟ್ಟಿಗಳ ಸ್ವಭಾವವೇ ಬೇರೆ. ಕಾಂಡದ ಹೊರಭಾಗ ಕಬ್ಬಿಣದಂತೆ ಗಟ್ಟಿ, ಒಳತಿರುಳು ಮೆದು. ಒಂದೇ ಬೇಲಿಯಲ್ಲಿ ಎರಡೂ ಬಗೆಯ ಪಟ್ಟಿಗಳಿದ್ದರೆ ಮೆದುವಾದುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು ಗೆದ್ದಲು ಮತ್ತು ಕೊಳೆತ. ನೆಲಕ್ಕೆ ತಾಗಿದ ಕಂಬದ ಬುಡವನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಬೇಕು. ತುದಿ ಸುಲಭವಾಗಿ ಒಳಗಿಳಿದರೆ ಆ ಕಂಬಕ್ಕೆ ಬೇಕಾದುದು ತೊಳೆತವಲ್ಲ, ಬದಲಾವಣೆ. ಕಾಲುವೆ ನೀರಾವರಿಯ ಗದ್ದೆ ಪಕ್ಕದಲ್ಲೇ ಇದ್ದು ನೆಲ ವರ್ಷವಿಡೀ ತೇವವಾಗಿರುವ ಕಡೆಗಳಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು. ಸಡಿಲವಾದ ಮೊಳೆಗಳನ್ನು ಬಿಗಿಮಾಡಿಸುವ ಆಚಾರಿಯ ಕೆಲಸವೂ ಈ ಹಂತದಲ್ಲೇ ಮುಗಿಯಬೇಕು.

ಮೂರನೆಯದು ಹಳೆಯ ಲೇಪನ. ಭಾರತದಲ್ಲಿ ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಕೂಡದೆಂಬ ನಿಯಮಗಳು 2016ರಲ್ಲಿ ಹೊರಬಂದು 2017ರ ನವೆಂಬರ್ 1ರಿಂದ ಜಾರಿಯಾದವು. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ, ವಿಶೇಷವಾಗಿ ಹಳದಿ, ಕೆಂಪು ಮತ್ತು ಹಸಿರು ಬಣ್ಣಗಳಲ್ಲಿ, ಸೀಸ ಇರುವ ಸಂಭವ ಹೆಚ್ಚು. ಪೇಟೆ ಬೀದಿಯ ಹಲಗೆ ಬಾಗಿಲುಗಳ ಮೇಲೆ ಹತ್ತಾರು ವರ್ಷಗಳ ಇಂತಹ ಬಣ್ಣ ಪದರಪದರವಾಗಿ ಕುಳಿತಿರುತ್ತದೆ. ಅದಕ್ಕೆ ನೀರಿನ ಒತ್ತಡ ಹಾಕಿದರೆ ಸೀಸದ ಚೂರುಗಳು ರಸ್ತೆಗೂ ಚರಂಡಿಗೂ ಪಕ್ಕದ ಅಂಗಡಿಯ ಸರಕಿನ ಮೇಲೂ ಹಾರುತ್ತವೆ. ಮಕ್ಕಳ ಮಿದುಳಿಗೆ ಸೀಸದಿಂದ ಆಗುವ ಹಾನಿ ಸರಿಪಡಿಸಲಾಗದ್ದು. ಇಂತಹ ಬಾಗಿಲುಗಳನ್ನು ಪ್ರೆಷರ್ ಯಂತ್ರದಿಂದ ತೊಳೆಯಿಸಲೇಬಾರದು. ಹಲಗೆಗಳನ್ನು ಬಿಚ್ಚಿ, ಕೆಳಗೆ ಟಾರ್ಪಾಲು ಹಾಸಿ, ಬಣ್ಣವನ್ನು ಒದ್ದೆ ಮಾಡಿಕೊಂಡು ಕೈಯಿಂದ ಕೆರೆಸಿ, ಚೂರುಗಳನ್ನು ಒಟ್ಟುಗೂಡಿಸಿ ತೆಗೆಯಬೇಕು. ಕೆರೆಯುವವನಿಗೆ ಮುಖಗವಸು ಅಗತ್ಯ.

ಹಳ್ಳಿಗಳ ಕಡೆ ಗೆದ್ದಲು ಬಾರದಿರಲೆಂದು ಬೇಲಿಗೆ ವಾಹನಗಳ ಸುಟ್ಟ ಆಯಿಲ್ ಬಳಿಯುವ ವಾಡಿಕೆಯಿದೆ. ಆಯಿಲ್ ಕುಡಿದ ಮರಕ್ಕೆ ಯಾವ ಪಾಲಿಶೂ ಹಿಡಿಯದು, ಒತ್ತಡದ ನೀರಿಗೂ ಅದು ಜಗ್ಗದು. ಹೋಟೆಲಿನ ಅಡುಗೆಮನೆಯ ಹೊಗೆಗಂಡಿಯ ಎದುರಿನ ಬೇಲಿಗೂ ಇದೇ ತೊಂದರೆ. ವಡೆ ಬೋಂಡಾದ ಎಣ್ಣೆಯ ಆವಿ ವರ್ಷಗಟ್ಟಲೆ ಅಲ್ಲಿ ಕುಳಿತಿರುತ್ತದೆ. ಬಿಸಿನೀರಿನಲ್ಲಿ ಬಟ್ಟೆ ಸೋಡಾ ಕದಡಿ, ತೆಂಗಿನ ನಾರಿನ ಬ್ರಷ್ಷಿನಿಂದ ಎರಡು ಮೂರು ಬಾರಿ ಉಜ್ಜಿ ಜಿಡ್ಡು ಬಿಡಿಸಿದ ಮೇಲಷ್ಟೇ ಯಂತ್ರದ ಮಾತು.

ಒತ್ತಡದ ಲೆಕ್ಕ

ಪ್ರೆಷರ್ ಯಂತ್ರಗಳ ಒತ್ತಡವನ್ನು ಮೂರು ಬಗೆಯಲ್ಲಿ ಬರೆದಿರುತ್ತಾರೆ: ಪಿಎಸ್‌ಐ, ಬಾರ್ ಮತ್ತು ಚದರ ಸೆಂಟಿಮೀಟರಿಗೆ ಕಿಲೋಗ್ರಾಂ. ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ; ಒಂದು ಕಿಲೋಗ್ರಾಂ ಎಂದರೆ ಸುಮಾರು 14.2 ಪಿಎಸ್‌ಐ. ಮೆದು ಮರಕ್ಕೆ 500ರಿಂದ 600 ಪಿಎಸ್‌ಐ, ಅಂದರೆ 35ರಿಂದ 42 ಕಿಲೋಗ್ರಾಂ ಸಾಕು. ಗಟ್ಟಿ ಮರಕ್ಕೆ 1,000 ಪಿಎಸ್‌ಐ ಆಸುಪಾಸು ಒಳ್ಳೆಯದು. ಯಾವ ಮರಕ್ಕೂ 1,500ನ್ನು ದಾಟಬೇಕಾದ ಕಾರಣವಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಮನೆಬಳಕೆಯ ವಿದ್ಯುತ್ ಯಂತ್ರಗಳ ಪೆಟ್ಟಿಗೆಯ ಮೇಲೆ 100ರಿಂದ 130 ಬಾರ್ ಎಂದಿರುತ್ತದೆ, ಅದು 1,450ರಿಂದ 1,900 ಪಿಎಸ್‌ಐಗೆ ಸಮ. ಪೆಟ್ರೋಲ್ ಎಂಜಿನ್ನಿನ ದೊಡ್ಡ ಯಂತ್ರಗಳು 2,500ರಿಂದ 3,000 ಪಿಎಸ್‌ಐ ಕೊಡಬಲ್ಲವು. ಅವು ಮರದ ಬಳಿಗೆ ಬಾರದಿರುವುದೇ ಲೇಸು. ಒತ್ತಡ ತಗ್ಗಿಸುವ ತಿರುಪು ಇಲ್ಲದ ಯಂತ್ರವನ್ನು ಬಾಡಿಗೆಗೆ ತರಬಾರದು.

ಒತ್ತಡದಷ್ಟೇ ಮುಖ್ಯವಾದುದು ನಾಜಲ್. ಇವುಗಳಿಗೆ ಬಹುಮಟ್ಟಿಗೆ ಎಲ್ಲ ಕಡೆ ಒಂದೇ ಬಣ್ಣದ ಗುರುತು ಇದೆ. ಕೆಂಪು ಎಂದರೆ ಸೊನ್ನೆ ಡಿಗ್ರಿ, ನೀರು ಸೂಜಿಯಂತೆ ಬರುತ್ತದೆ. ಹಳದಿ 15 ಡಿಗ್ರಿ, ಹಸಿರು 25, ಬಿಳಿ 40. ಮರಕ್ಕೆ ಹಸಿರು ಅಥವಾ ಬಿಳಿ ಮಾತ್ರ ಸಲ್ಲುತ್ತದೆ. ವಾಹನ ತೊಳೆಯುವ ಗನ್ನಿನಲ್ಲಿ ಧಾರೆಯನ್ನು ತಿರುಗಿಸಿ ಹಿಗ್ಗಿಸಬಹುದು. ಅದನ್ನು ಬೀಸಣಿಗೆಯಂತೆ ಅಗಲ ಮಾಡಿಕೊಳ್ಳಬೇಕು. ಗನ್ನಿನ ತುದಿ ಮರದಿಂದ ಒಂದರಿಂದ ಒಂದೂವರೆ ಅಡಿ ದೂರದಲ್ಲಿರಬೇಕು. ಎರಡು ಅಂಗುಲ ಹತ್ತಿರ ಒಯ್ದರೆ 600 ಪಿಎಸ್‌ಐ ಕೂಡ ಪೈನ್ ಪಟ್ಟಿಯನ್ನು ಉತ್ತ ಹೊಲದಂತೆ ಮಾಡೀತು.

ಧಾರೆ ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲಿ ಸಾಗಬೇಕು, ಅಡ್ಡಡ್ಡಲಾಗಿ ಅಲ್ಲ. ಗನ್ನನ್ನು ಗಾಳಿಯಲ್ಲಿ ಒತ್ತಿ, ಆಮೇಲೆ ಮರದ ಮೇಲೆ ತಂದು, ನಿಲ್ಲಿಸದೆ ಒಂದೇ ವೇಗದಲ್ಲಿ ಕೊನೆಯವರೆಗೆ ಎಳೆದು, ಮರವನ್ನು ದಾಟಿದ ಮೇಲೆ ಬಿಡಬೇಕು. ಒಂದೇ ಜಾಗದಲ್ಲಿ ಕ್ಷಣಕಾಲ ನಿಂತರೂ ಅಲ್ಲಿ ಬಿಳಿಯ ಕಲೆ ಉಳಿಯುತ್ತದೆ, ಅದು ಪಾಲಿಶಿನ ಕೆಳಗೂ ಎದ್ದು ಕಾಣುತ್ತದೆ. ವಾಟರ್ ಸರ್ವಿಸ್ ಹುಡುಗರಿಗೆ ಗಾಡಿಯ ಚಕ್ರದ ಕೆಸರಿಗೆ ಗನ್ ಹಿಡಿದು ನಿಲ್ಲುವ ಅಭ್ಯಾಸವಿರುವುದರಿಂದ ಈ ಮಾತನ್ನು ಅವರಿಗೆ ಮೊದಲೇ ತಿಳಿಸಬೇಕಾಗುತ್ತದೆ. ಯಾರಿಗೂ ಕಾಣದ ಮೂಲೆಯ ಒಂದು ಪಟ್ಟಿಯ ಮೇಲೆ ಪ್ರಯೋಗ ಮಾಡಿಸಿ, ಒಣಗಿದ ಮೇಲೆ ಕೈಯಾಡಿಸಿ ನೋಡಿ, ನಂತರ ಉಳಿದುದಕ್ಕೆ ಅಪ್ಪಣೆ ಕೊಡುವುದು ಮಾಲೀಕರಿಗೆ ಅರ್ಧ ದಿನದ ಕೆಲಸ ಅಷ್ಟೆ.

ಸುರಕ್ಷತೆಯ ದೃಷ್ಟಿಯಿಂದ ಎರಡು ಮಾತು. ವಿದ್ಯುತ್ ಯಂತ್ರಕ್ಕೆ ಅರ್ಥಿಂಗ್ ಇರುವ ಪ್ಲಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಕೆಲಸ ಆರಂಭಿಸಕೂಡದು. ಒತ್ತಡದ ನೀರು ಚರ್ಮವನ್ನು ಸೀಳಿ ಒಳಹೋಗಬಲ್ಲದು. ಕನ್ನಡಕ ಮತ್ತು ಗಮ್‌ಬೂಟು ಬೇಕು, ಚಪ್ಪಲಿ ಸಾಲದು.

ನೀರಿಗೆ ಹೋಗದ ಕಲೆಗಳು

ಕಪ್ಪು ಚುಕ್ಕೆ ಕೊಳೆಯೋ ಬೂಷ್ಟೋ ಎಂದು ತಿಳಿಯಲು ಸುಲಭದ ಉಪಾಯವಿದೆ. ಅದರ ಮೇಲೆ ಒಂದು ಹನಿ ದ್ರವ ಬ್ಲೀಚ್ ಹಾಕಬೇಕು. ಒಂದೆರಡು ನಿಮಿಷದಲ್ಲಿ ಬೆಳ್ಳಗಾದರೆ ಅದು ಬೂಷ್ಟು, ಹಾಗೆಯೇ ಉಳಿದರೆ ಕೊಳೆ. ಬೂಷ್ಟಿಗೆ ಒಂದು ಪಾಲು ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಬೂಷ್ಟನ್ನು ಸಾಯಿಸದೆ ಬರೀ ನೀರಿನಿಂದ ಹಾರಿಸಿದರೆ ಅದು ಪಾಲಿಶಿನ ಅಡಿಯಲ್ಲಿ ಮತ್ತೆ ಬೆಳೆಯುತ್ತದೆ.

ಮೊಳೆಯಿಂದ ಕೆಳಗಿಳಿದ ನೀಲಿಗಪ್ಪು ಗೆರೆಗಳ ಕಾರಣ ಬೇರೆ. ಕಬ್ಬಿಣವೂ ಮರದ ಒಗರಿನ ಅಂಶವಾದ ಟ್ಯಾನಿನ್ನೂ ಸೇರಿ ಆಗುವ ಕಲೆ ಅದು. ಹಳೆಯ ಕಾಲದ ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಹೀಗೆಯೇ. ಇದಕ್ಕೆ ಬ್ಲೀಚ್ ಉಪಯೋಗವಿಲ್ಲ, ಆಕ್ಸಾಲಿಕ್ ಆಮ್ಲ ಬೇಕು. ಮೊಸಾಯಿಕ್ ನೆಲ ಪಾಲಿಶ್ ಮಾಡುವವರ ಬಳಿ ಈ ಪುಡಿ ಇದ್ದೇ ಇರುತ್ತದೆ. ಲೀಟರ್ ನೀರಿಗೆ ಸುಮಾರು 30 ಗ್ರಾಂ ಕರಗಿಸಿ ಕಲೆಯ ಮೇಲೆ ಹಚ್ಚಿ ತೊಳೆದರೆ ಸಾಕು. ಇದು ವಿಷ, ಕೈಗವಸು ಕಡ್ಡಾಯ. ಬ್ಲೀಚ್ ಮತ್ತು ಆಮ್ಲಗಳನ್ನು ಎಂದಿಗೂ ಒಂದೇ ಬಕೆಟ್ಟಿನಲ್ಲಿ ಬೆರೆಸಬಾರದು, ಒಂದರ ಮೇಲೊಂದು ಹಚ್ಚಲೂ ಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ. ಒಂದನ್ನು ಪೂರ್ತಿ ತೊಳೆದು ಒಣಗಿಸಿದ ನಂತರವೇ ಇನ್ನೊಂದು. ತೊಳೆದ ನೀರು ಹತ್ತಿರದ ಕಾಲುವೆಗೋ ದನಗಳು ಕುಡಿಯುವ ತೊಟ್ಟಿಗೋ ಹರಿಯದಂತೆ ನೋಡಿಕೊಳ್ಳುವುದು ಕೆಲಸ ಮಾಡಿಸುವವರ ಹೊಣೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿಯ ಉಪ್ಪು ಮೂಡುತ್ತದೆ. ಕೊನೆಯ ಸುತ್ತಿಗೆ ಮಾತ್ರವಾದರೂ ಮೆದು ನೀರು ಒದಗಿಸುವುದು ಒಳ್ಳೆಯದು. ಚಿಕ್ಕ ಯಂತ್ರವೂ ಗಂಟೆಗೆ ಸುಮಾರು 400 ಲೀಟರ್ ನೀರು ಬಳಸುತ್ತದೆ ಎಂಬುದು ಬೇಸಿಗೆಯಲ್ಲಿ ನೆನಪಿರಬೇಕಾದ ಸಂಗತಿ.

ಕೂಲಿಯಿಲ್ಲದ ದಿನಗಳು

ತೊಳೆದ ಮರದ ಮೇಲ್ಮೈ ಸಂಜೆಗೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ಅದರ ಮೇಲೆ ವಾರ್ನಿಷ್ ಹಚ್ಚಿದರೆ ಬಿಸಿಲಿಗೆ ಆವಿಯಾಗಿ ಹೊರಬರಲು ಯತ್ನಿಸುವ ಆ ನೀರೇ ಪದರವನ್ನು ಗುಳ್ಳೆ ಎಬ್ಬಿಸುತ್ತದೆ. ಹೊರಾಂಗಣದ ಮರದಲ್ಲಿ ತೇವಾಂಶ ಶೇಕಡಾ 15ಕ್ಕಿಂತ ಕೆಳಗಿಳಿದ ಮೇಲೆ ಲೇಪನ ಮಾಡಬೇಕೆಂಬುದು ಸಾಮಾನ್ಯ ನಿಯಮ. ಇದನ್ನು ಅಳೆಯುವ ಚಿಕ್ಕ ಮೀಟರುಗಳು ಈಗ ದುಬಾರಿಯಲ್ಲ, ಒಬ್ಬರು ಕೊಂಡರೆ ನಾಲ್ಕು ಅಂಗಡಿಯವರು ಬಳಸಬಹುದು. ಮೀಟರ್ ಇಲ್ಲದವರು ಫೆಬ್ರವರಿ ಮಾರ್ಚ್ ತಿಂಗಳಲ್ಲಾದರೆ ಕನಿಷ್ಠ ಎರಡು ಮೂರು ಪೂರ್ಣ ಬಿಸಿಲ ದಿನ ಬಿಡಬೇಕು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಅಂದರೆ ಈ ಭಾಗದಲ್ಲಿ ಮಳೆ ಹೆಚ್ಚಾಗಿರುವ ತಿಂಗಳುಗಳಲ್ಲಿ, ಒಂದು ವಾರವೂ ಸಾಲದೆ ಹೋಗಬಹುದು. ದಸರೆಗೆಂದು ಬೇಲಿ ಸಿಂಗರಿಸುವುದಕ್ಕಿಂತ ಯುಗಾದಿಗೆ ಸಿಂಗರಿಸುವುದು ಮರಕ್ಕೆ ಒಗ್ಗುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಬಿಡುವುದೂ ತಪ್ಪು. ತೊಳೆದು ಬರಿಯಾದ ಮರ ಕೆಲವೇ ವಾರಗಳ ಬಿಸಿಲಿಗೆ ಮತ್ತೆ ಲಿಗ್ನಿನ್ ಕಳೆದುಕೊಳ್ಳಲು ಆರಂಭಿಸುತ್ತದೆ, ಲೇಪನದ ಹಿಡಿತ ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಒಣಗಿದ ಕೂಡಲೇ, ನೀರಿಗೆ ಎದ್ದ ನಾರನ್ನು 60 ಅಥವಾ 80ನೇ ನಂಬರಿನ ಉಪ್ಪುಕಾಗದದಿಂದ ಎಳೆಯ ದಿಕ್ಕಿನಲ್ಲಿ ಉಜ್ಜಿ, ಧೂಳು ಒರೆಸಿ, ಮೇಲೊಂದು ಹನಿ ನೀರು ಹಾಕಿ ನೋಡಬೇಕು. ಮರ ಅದನ್ನು ಬೇಗ ಹೀರಿಕೊಂಡರೆ ಲೇಪನಕ್ಕೆ ಸಿದ್ಧ. ಹನಿ ಮಣಿಯಂತೆ ನಿಂತರೆ ಹಳೆಯ ಪಾಲಿಶ್ ಅಥವಾ ಜಿಡ್ಡು ಇನ್ನೂ ಇದೆ ಎಂದರ್ಥ.

ಒಣಗಲು ಬಿಡುವ ಈ ದಿನಗಳಿಗೆ ಯಾರೂ ಕೂಲಿ ಕೊಡುವುದಿಲ್ಲ. ತೊಂದರೆಯ ಮೂಲ ಇಲ್ಲಿದೆ. ಚದರ ಅಡಿಗೆ ಇಷ್ಟು ಎಂದು ಒಟ್ಟಾರೆ ಗುತ್ತಿಗೆ ಹಿಡಿದ ಮೇಸ್ತ್ರಿಗೆ ಮೂರು ದಿನ ಆಳುಗಳನ್ನು ಬೇರೆಡೆಗೆ ಕಳುಹಿಸಿ ಮತ್ತೆ ಕರೆತರುವುದು ನಷ್ಟದ ಮಾತು. ಸತತವಾಗಿ ಮುಗಿಸುವುದೇ ಅವನಿಗೆ ಲಾಭ. ಆದ್ದರಿಂದ ಅವನನ್ನು ದೂಷಿಸುವ ಬದಲು ಗುತ್ತಿಗೆಯನ್ನೇ ಎರಡಾಗಿ ಒಡೆಯುವುದು ವಿವೇಕ. ತೊಳೆದು ಕಲೆ ತೆಗೆಯುವುದು ಒಂದು ಕೆಲಸ, ಅದಕ್ಕೆ ಆಗಲೇ ಹಣ ಪಾವತಿ. ಉಜ್ಜಿ ಲೇಪಿಸುವುದು ಇನ್ನೊಂದು, ನಡುವೆ ಇಷ್ಟು ದಿನ ಅಂತರ ಎಂದು ಒಪ್ಪಂದದಲ್ಲಿ ಬರೆದುಕೊಳ್ಳಬೇಕು.

ಲೆಕ್ಕದ ಅನುಕೂಲಕ್ಕಾಗಿ ಒಂದು ಬೇಲಿಗೆ ತೊಳೆತದಿಂದ ಲೇಪನದವರೆಗೆ ಒಟ್ಟು 40,000 ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳೋಣ. ಅದು ಒಂದೇ ವರ್ಷದಲ್ಲಿ ಏಳುವುದಾದರೆ ವರ್ಷದ ಖರ್ಚು 40,000. ಎರಡು ಭಾಗದ ಗುತ್ತಿಗೆಗೆ 5,000 ಹೆಚ್ಚು ಕೊಟ್ಟು, ಲೇಪನ ಮೂರು ವರ್ಷ ಬಾಳಿದರೆ ವರ್ಷಕ್ಕೆ ಬೀಳುವುದು 15,000. ಪಾಲಿಶಿನ ಬ್ರಾಂಡ್ ಬದಲಿಸಿ ಇಷ್ಟು ಉಳಿತಾಯ ಮಾಡುವುದು ಸಾಧ್ಯವಿಲ್ಲ.

ಪುಸ್ತಕದಲ್ಲಿ ಬರೆಯುವಾಗ

ಇರುವ ಬೇಲಿಯನ್ನು ತೊಳೆದು ಮರುಲೇಪಿಸುವ ವೆಚ್ಚ ಆದಾಯ ತೆರಿಗೆಯ ದೃಷ್ಟಿಯಲ್ಲಿ ಚಾಲ್ತಿ ದುರಸ್ತಿ. ಆ ವರ್ಷದ ಲಾಭದಿಂದಲೇ ಕಳೆಯಬಹುದು. ಇರುವ ಆಸ್ತಿಯನ್ನು ಕಾಪಾಡುವುದಕ್ಕಷ್ಟೇ ಮಾಡಿದ ವೆಚ್ಚ ಚಾಲ್ತಿ ದುರಸ್ತಿಯೆಂದೂ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಉಂಟುಮಾಡಿದರೆ ಅದು ಬಂಡವಾಳ ವೆಚ್ಚವೆಂದೂ ನ್ಯಾಯಾಲಯಗಳು ವಿಂಗಡಿಸಿವೆ. 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಂದು ಚಿತ್ರಮಂದಿರದ ಸಮಗ್ರ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲು ಸುಪ್ರೀಂ ಕೋರ್ಟ್ ನಿರಾಕರಿಸಿತು. ಹೀಗಾಗಿ ನಾಲ್ಕು ಕೊಳೆತ ಪಟ್ಟಿ ಬದಲಿಸಿದರೆ ತೊಂದರೆಯಿಲ್ಲ. ಬೇಲಿಯನ್ನೇ ಕಿತ್ತು ಹೊಸತು ಹಾಕಿಸಿ ದುರಸ್ತಿ ಖಾತೆಗೆ ಬರೆದರೆ ಪ್ರಶ್ನೆ ಏಳುತ್ತದೆ. ಪ್ರೆಷರ್ ಯಂತ್ರವನ್ನೇ ಕೊಂಡರೆ ಅದು ಯಂತ್ರೋಪಕರಣ, ಸವಕಳಿ ಮಾತ್ರ ದೊರೆಯುತ್ತದೆ.

ಜಿಎಸ್‌ಟಿಯ ವಿಷಯದಲ್ಲಿ, ಕಟ್ಟಡ ಮುಂತಾದ ಸ್ಥಿರಾಸ್ತಿಯ ದುರಸ್ತಿಯನ್ನು ಪುಸ್ತಕದಲ್ಲಿ ಬಂಡವಾಳಕ್ಕೆ ಸೇರಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ಸಿಗದು. ಖರ್ಚಿಗೆ ಬರೆದರೆ ಸಾಮಾನ್ಯ ಪದ್ಧತಿಯ ವರ್ತಕರಿಗೆ ಸಿಗುತ್ತದೆ. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೆ ಈ ಜಮೆ ಇಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ಬಾಡಿಗೆಯ ಲಾಡ್ಜ್ ಕೋಣೆಗಳಿಗೂ 2025ರ ಸೆಪ್ಟೆಂಬರ್ 22ರಿಂದ ಇದೇ ಸ್ಥಿತಿ. ಅಂಥವರು ಬಣ್ಣದ ಬಿಲ್ಲಿನ ತೆರಿಗೆಯನ್ನೂ ವೆಚ್ಚದಲ್ಲೇ ಎಣಿಸಬೇಕು.

ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ತೆರಿಗೆಯ ಲೆಕ್ಕದಲ್ಲಿ ತಿರಸ್ಕೃತವಾಗುತ್ತದೆ. ಮೇಸ್ತ್ರಿಗೆ ಬ್ಯಾಂಕಿನ ಮೂಲಕವೇ ಪಾವತಿ ಮಾಡಿ, ತೊಳೆತಕ್ಕೂ ಲೇಪನಕ್ಕೂ ಪ್ರತ್ಯೇಕ ದಿನಾಂಕದ ಬಿಲ್ಲು ಪಡೆದಿಟ್ಟುಕೊಳ್ಳಬೇಕು. ಎರಡು ದಿನಾಂಕಗಳ ನಡುವೆ ಎಷ್ಟು ದಿನ ಹೋಗಿದೆ ಎಂಬುದು ಮುಂದೆ ಪಾಲಿಶ್ ಎದ್ದು ತಕರಾರು ಬಂದಾಗಲೂ ಉಪಯೋಗಕ್ಕೆ ಬರುತ್ತದೆ.